ಗ್ರಿಫಿತ್ ಪಾರ್ಕ್: ದಾನ ಬಂದ ಗುಡ್ಡಗಳನ್ನು ಊರು ಉಳಿಸಿಕೊಂಡ ಬಗೆ

ಲಾಸ್ ಏಂಜಲೀಸ್‌ಗೆ ಹೋದ ನಮ್ಮವರು ಸಾಮಾನ್ಯವಾಗಿ ಗ್ರಿಫಿತ್ ಅಬ್ಸರ್ವೇಟರಿ ಎಂಬ ಖಗೋಳ ವೀಕ್ಷಣಾಲಯ ನೋಡದೆ ಬರುವುದಿಲ್ಲ. ಬಿಳಿ ಕಟ್ಟಡ, ಮೂರು ಗುಮ್ಮಟ, ಆಚೆ ಗುಡ್ಡದ ಮೇಲೆ ಹಾಲಿವುಡ್ ಎಂಬ ಅಕ್ಷರಗಳು. ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಆ ಕಟ್ಟಡದ ಸುತ್ತ ಇರುವುದು 4,200 ಎಕರೆಗೂ ಜಾಸ್ತಿ ವಿಸ್ತಾರದ ಪಾರ್ಕು. ಅಷ್ಟು ದೊಡ್ಡ ನಗರದ ನಡುವೆ ಇಷ್ಟೊಂದು ಕುರುಚಲು ಕಾಡು ಹೇಗೆ ಉಳಿಯಿತು? ಒಬ್ಬ ಶ್ರೀಮಂತ ದಾನ ಕೊಟ್ಟ ಅನ್ನುತ್ತಾರೆ. ಕೊಟ್ಟಿದ್ದು ನಿಜ. ಆದರೆ ಬರೀ ದಾನಪತ್ರದಿಂದ ಆ ಜಾಗ ಉಳಿಯಲಿಲ್ಲ.

ಮೊದಲು ಇಲ್ಲಿದ್ದವರು ಟೋಂಗ್ವಾ ಎಂಬ ಮೂಲನಿವಾಸಿ ಜನ. ಈಗ ಫರ್ನ್ ಡೆಲ್ ಎಂದು ಕರೆಯುವ ತಂಪಾದ ಕಣಿವೆಯ ಹತ್ತಿರ ಅವರ ಹಳ್ಳಿ ಇತ್ತು. 18ನೇ ಶತಮಾನದ ಕೊನೆಗೆ ಸ್ಪೇನ್ ಆಡಳಿತ ಈ ಜಮೀನನ್ನು ಹೊಸೆ ವಿಸೆಂಟೆ ಫೆಲಿಜ್ ಎಂಬ ಸೈನಿಕನಿಗೆ ಬಿಟ್ಟುಕೊಟ್ಟಿತು. ಲಾಸ್ ಏಂಜಲೀಸ್ ಇನ್ನೂ ಪುಟ್ಟ ಹಳ್ಳಿಯಾಗಿದ್ದಾಗ ಅದರ ಆಡಳಿತ ನೋಡಿಕೊಂಡವನು ಅವನು. 6,647 ಎಕರೆಯ ಆ ಜಮೀನೇ ರಾಂಚೊ ಲಾಸ್ ಫೆಲಿಜ್. ದನ ಸಾಕುವುದೇ ಅಲ್ಲಿನ ಕಸುಬು, ಚರ್ಮ ಮತ್ತು ಕೊಬ್ಬಿನ ಮಾರಾಟವೇ ಆದಾಯ.

1848ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕದ ಕೈಸೇರಿತು. ಹಳೆಯ ಜಮೀನುದಾರರು ಹಕ್ಕು ಸಾಬೀತು ಮಾಡಬೇಕು ಅನ್ನುವ ಕಾನೂನು 1851ರಲ್ಲಿ ಬಂತು. ವಕೀಲರ ಖರ್ಚಿಗೇ ಎಷ್ಟೋ ಮನೆತನಗಳು ಮುಳುಗಿದವು. 1860ರ ದಶಕದ ಬರದಲ್ಲಿ ದನಗಳೂ ಸತ್ತವು. 1863ರಲ್ಲಿ ಆಂಟೋನಿಯೊ ಫೆಲಿಜ್ ಸಿಡುಬಿನಿಂದ ತೀರಿಕೊಂಡ. ಜಮೀನು ಮನೆಯವರ ಕೈತಪ್ಪಿ ಆಂಟೋನಿಯೊ ಕೊರೊನೆಲ್ ಎಂಬ ಪ್ರಭಾವಿಯ ಪಾಲಾಯಿತು. ಮನೆಯ ಹುಡುಗಿಯೊಬ್ಬಳು ಈ ನೆಲಕ್ಕೆ ಶಾಪ ಹಾಕಿದಳು ಅನ್ನುವ ಕತೆಯನ್ನು ಇವತ್ತಿಗೂ ಹೇಳುತ್ತಾರೆ. ಒಂದು ಇಡೀ ಸಮುದಾಯ ಕಾನೂನಿನ ಮೂಲಕವೇ ನೆಲ ಕಳೆದುಕೊಂಡ ಸಂಗತಿ ಆ ಶಾಪದ ಕತೆಯಲ್ಲಿ ಮರೆತೇ ಹೋಗುತ್ತದೆ ಅನ್ನುವುದು ನನ್ನ ಬೇಸರ.

1882ರಲ್ಲಿ ಇದರ ದೊಡ್ಡ ಭಾಗವನ್ನು ಕೊಂಡವನು ಗ್ರಿಫಿತ್ ಜೆ. ಗ್ರಿಫಿತ್. ವೇಲ್ಸ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ಪತ್ರಿಕೆಗೆ ಗಣಿಗಳ ಸುದ್ದಿ ಬರೆಯುತ್ತಾ, ಗಣಿ ವ್ಯವಹಾರದ ಒಳಗುಟ್ಟು ತಿಳಿದುಕೊಂಡು, ಅದರಲ್ಲೇ ದುಡ್ಡು ಮಾಡಿದ. ಜಮೀನಿನಲ್ಲಿ ಉಷ್ಟ್ರಪಕ್ಷಿ ಸಾಕಣೆಗೂ ಜಾಗ ಕೊಟ್ಟಿದ್ದ. ಹೆಂಗಸರ ಟೋಪಿಗೆ ಅದರ ಗರಿ ಸಿಕ್ಕಿಸುವ ಕಾಲ ಅದು. ಪಕ್ಷಿ ನೋಡಲು ಬಂದವರು ಸೈಟು ಕೊಂಡಾರು ಅನ್ನುವ ಲೆಕ್ಕಾಚಾರವೂ ಇತ್ತು.

1896ರ ಡಿಸೆಂಬರ್ 16ರಂದು ಅವನು 3,015 ಎಕರೆಯನ್ನು ಕ್ರಿಸ್‌ಮಸ್ ಉಡುಗೊರೆ ಎಂದು ನಗರಕ್ಕೆ ಕೊಡುವುದಾಗಿ ಹೇಳಿದ. ಸಾಮಾನ್ಯ ಜನ ಬಂದು ಆಡಿ, ವಿಶ್ರಾಂತಿ ಪಡೆಯುವ ಜಾಗವಾಗಬೇಕು ಅನ್ನುವುದು ಅವನ ಆಸೆ. ತೆರಿಗೆ ತಪ್ಪಿಸಿಕೊಳ್ಳಲು ಕೊಟ್ಟ ಎಂದು ಆಡಿಕೊಂಡವರೂ ಇದ್ದರು. ಆಗ ಆ ಜಾಗ ನಗರದ ಗಡಿಯ ಒಳಗೂ ಇರಲಿಲ್ಲ. ಅಲ್ಲಿಗೆ ಹೋಗಿಬರುವುದೇ ಕಷ್ಟ. ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು.

ಆಮೇಲೆ ನಡೆದದ್ದು ಭಯಂಕರ. 1903ರ ಸೆಪ್ಟೆಂಬರ್‌ನಲ್ಲಿ ಸಾಂಟಾ ಮೋನಿಕಾದ ಹೋಟೆಲ್ ಕೋಣೆಯಲ್ಲಿ ಗ್ರಿಫಿತ್ ಹೆಂಡತಿ ಕ್ರಿಸ್ಟಿನಾಳನ್ನು ಮಂಡಿಯೂರಿಸಿ ಪ್ರಶ್ನೆ ಕೇಳಿದ, ಪಿಸ್ತೂಲಿನಿಂದ ಗುಂಡು ಹಾರಿಸಿದ. ಪೋಪ್ ಜೊತೆ ಸೇರಿ ಅವಳು ತನಗೆ ವಿಷ ಹಾಕುತ್ತಾಳೆ ಎಂಬ ಭ್ರಮೆ ಅವನ ತಲೆ ಹೊಕ್ಕಿತ್ತು. ಹೊರಗೆ ಮದ್ಯವಿರೋಧಿಯಂತೆ ಮಾತಾಡುತ್ತಿದ್ದವನು ಗುಟ್ಟಾಗಿ ವಿಪರೀತ ಕುಡಿಯುತ್ತಿದ್ದ. ಕ್ರಿಸ್ಟಿನಾ ತಲೆ ಪಕ್ಕಕ್ಕೆ ಹೊರಳಿಸಿದಳು, ಗುಂಡು ಕಣ್ಣಿಗೆ ತಗುಲಿತು. ಆ ಸ್ಥಿತಿಯಲ್ಲೇ ಕಿಟಕಿಯಿಂದ ಹಾರಿ, ಕೆಳಗಿನ ಚಾವಣಿ ಮೇಲೆ ಬಿದ್ದು ಜೀವ ಉಳಿಸಿಕೊಂಡಳು. ಒಂದು ಕಣ್ಣು ಹೋಯಿತು. ಗ್ರಿಫಿತ್‌ಗೆ ಆದ ಶಿಕ್ಷೆ ಎರಡು ವರ್ಷ, ಅಷ್ಟೇ. ಪಾರ್ಕಿನಲ್ಲಿ ಅವನ ಪ್ರತಿಮೆ ಇದೆ. ಈ ಹೆಣ್ಣುಮಗಳ ಹೆಸರೂ ಅಲ್ಲಿಗೆ ಬರುವವರಿಗೆ ಗೊತ್ತಿರಬೇಕಲ್ವಾ?

ಜೈಲಿನಿಂದ ಬಂದವನು ಮೌಂಟ್ ವಿಲ್ಸನ್‌ನ ದೊಡ್ಡ ದೂರದರ್ಶಕದಲ್ಲಿ ಆಕಾಶ ನೋಡಿ ಮರುಳಾದ. 1912ರಲ್ಲಿ ಅಬ್ಸರ್ವೇಟರಿ ಕಟ್ಟಲು ಒಂದು ಲಕ್ಷ ಡಾಲರ್ ಕೊಡುತ್ತೇನೆಂದ. ಇಂಥವನ ದುಡ್ಡು ನಮಗೆ ಬೇಡ ಎಂದು ಊರಿನಲ್ಲಿ ಗಲಾಟೆಯಾಯಿತು. ಅವನು ಹಣವನ್ನು ಉಯಿಲಿನಲ್ಲಿ ಬರೆದಿಟ್ಟು 1919ರಲ್ಲಿ ತೀರಿಕೊಂಡ. ಆ ಹಣದಿಂದ 1930ರಲ್ಲಿ ಗ್ರೀಕ್ ಥಿಯೇಟರ್ ಎಂಬ ಬಯಲು ರಂಗಮಂದಿರ, 1935ರ ಮೇ ತಿಂಗಳಲ್ಲಿ ಅಬ್ಸರ್ವೇಟರಿ ತೆರೆದವು. ಅಬ್ಸರ್ವೇಟರಿಗೆ ಇವತ್ತಿಗೂ ಪ್ರವೇಶ ಉಚಿತ. ಒಳಗಿನ ತಾರಾಲಯದ ಪ್ರದರ್ಶನಕ್ಕೆ ಮಾತ್ರ ಟಿಕೆಟ್.

ಅದಕ್ಕೂ ಮುಂಚೆ, 1933ರ ಅಕ್ಟೋಬರ್ 3ರಂದು, ಪಾರ್ಕು ಹೆಣಗಳನ್ನು ಕಂಡಿತು. ಮಹಾ ಆರ್ಥಿಕ ಕುಸಿತದ ದಿನಗಳು. ಕೆಲಸವಿಲ್ಲದ ಸಾವಿರಾರು ಜನ ಗಂಟೆಗೆ 40 ಸೆಂಟ್ ಕೂಲಿಗೆ ಅಲ್ಲಿ ಪೊದೆ ಕಡಿಯುತ್ತಾ, ದಾರಿ ಮಾಡುತ್ತಾ ಇದ್ದರು. ಮಧ್ಯಾಹ್ನ ಕಣಿವೆಯಲ್ಲಿ ಹೊಗೆ ಎದ್ದಿತು. ಗುದ್ದಲಿ, ಸಲಿಕೆ ಹಿಡಿದೇ ಕೆಳಗಿಳಿದು ಬೆಂಕಿ ಆರಿಸಲು ಅವರನ್ನು ಕಳಿಸಿದರು. ತರಬೇತಿ ಇಲ್ಲ, ನೀರೂ ಸಾಲದು. ಗಾಳಿ ದಿಕ್ಕು ಬದಲಿಸಿತು. ಕಡಿದಾದ ಇಳಿಜಾರನ್ನು ಹತ್ತಿ ಓಡಲಾಗದವರನ್ನು ಬೆಂಕಿ ಹಿಡಿಯಿತು. ಸುಟ್ಟಿದ್ದು ಬರೀ 47 ಎಕರೆ. ಸತ್ತವರು, ಅಧಿಕೃತ ಲೆಕ್ಕದಲ್ಲೇ, 29 ಮಂದಿ. ಇವತ್ತು ಜನ ನಡೆದಾಡುವ ಆ ದಾರಿಗಳ ಹಿಂದೆ ಇಂಥವರ ಬೆವರಿದೆ.

ಯುದ್ಧ ಮುಗಿದ ಮೇಲೆ ಊರು ಬೆಳೆಯಿತು. ಏನೇ ಬೇಕಾದರೂ ಕಣ್ಣು ಪಾರ್ಕಿನ ಮೇಲೆ. 1946ರಲ್ಲಿ ಸೈನಿಕರ ಕುಟುಂಬಗಳಿಗಾಗಿ ರಾಡ್ಜರ್ ಯಂಗ್ ವಿಲೇಜ್ ಎಂಬ ತಗಡಿನ ಮನೆಗಳ ಬಡಾವಣೆ ಎದ್ದಿತು. ಅದಕ್ಕೆ ನನ್ನ ತಕರಾರಿಲ್ಲ, ತಲೆಯ ಮೇಲೆ ಸೂರಿಲ್ಲದವರಿಗೆ ಅದು ಬೇಕಿತ್ತು. 1954ರಲ್ಲಿ ತೆರವೂ ಮಾಡಿದರು. ಆದರೆ ಹೈವೇ ಬಂದರೆ ಹೋಗುವುದಿಲ್ಲ. ಪೂರ್ವದ ಅಂಚಿನಲ್ಲಿ ಗೋಲ್ಡನ್ ಸ್ಟೇಟ್ ಫ್ರೀವೇ ಹಾದು, ಲಾಸ್ ಏಂಜಲೀಸ್ ನದಿಗೂ ಪಾರ್ಕಿಗೂ ಇದ್ದ ನಂಟು ಕಡಿಯಿತು. ಟೊಯಾನ್ ಎಂಬ ಕಣಿವೆಗೆ ನಗರದ ಕಸ ಸುರಿಯತೊಡಗಿದರು. ದಾನದ ಉದ್ದೇಶಕ್ಕೇ ಇದು ವಿರುದ್ಧ ಎಂದು ಗ್ರಿಫಿತ್ ಮನೆಯವರು ಕೋರ್ಟಿಗೆ ಹೋದರು. ಹೈವೇಯೂ ನಿಲ್ಲಲಿಲ್ಲ, ಕಸವೂ ನಿಲ್ಲಲಿಲ್ಲ. ಕಸ ಸುರಿಯುವುದು ನಿಂತಿದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಕಣಿವೆಯೇ ತುಂಬಿ ಗುಡ್ಡವಾಗಿತ್ತು.

ಖಾಲಿ ಜಾಗ ಎಂದರೆ ಉಪಯೋಗಕ್ಕೆ ಬಾರದ ಜಾಗ ಎಂಬ ಯೋಚನೆ ಅಧಿಕಾರಿಗಳಿಂದ ಸುಲಭಕ್ಕೆ ಹೋಗುವುದಿಲ್ಲ. 2000ದ ದಶಕದಲ್ಲಿ ಬಂದ ಹೊಸ ಯೋಜನೆಯಲ್ಲಿ ರೋಪ್‌ವೇ, ಬಹುಮಹಡಿ ಪಾರ್ಕಿಂಗ್ ಎಲ್ಲ ಇದ್ದವು. ಈ ಸಲ ಅಕ್ಕಪಕ್ಕದ ಬಡಾವಣೆಯವರು, ನಡಿಗೆಗೆ ಬರುವವರು, ಕುದುರೆ ಸವಾರರು ಒಟ್ಟಾಗಿ ಎದ್ದರು. 2007ರ ಮೇ ತಿಂಗಳಲ್ಲಿ 800 ಎಕರೆಗೂ ಹೆಚ್ಚು ಜಾಗ ಸುಟ್ಟಾಗ ಜನರ ಕಳಕಳಿ ಇನ್ನೂ ಹೆಚ್ಚಿತು. ಗ್ರಿಫಿತ್ ಮನೆಯವರೂ ಹೋರಾಟದಲ್ಲಿದ್ದರು. 2009ರ ಜನವರಿಯಲ್ಲಿ ನಗರಸಭೆ ಇಡೀ ಪಾರ್ಕನ್ನು ಐತಿಹಾಸಿಕ ಸ್ಮಾರಕ ಎಂದು ಘೋಷಿಸಿತು.

2012ರಲ್ಲಿ ಪಾರ್ಕಿನ ಕ್ಯಾಮೆರಾಕ್ಕೆ ದೊಡ್ಡ ಬೆಕ್ಕಿನ ಜಾತಿಯ ಕಾಡುಪ್ರಾಣಿ, ಒಂದು ಗಂಡು ಪ್ಯೂಮಾ ಸಿಕ್ಕಿತು. ಪಿ-22 ಎಂದು ಅದಕ್ಕೆ ಗುರುತು ಕೊಟ್ಟರು. ಎರಡು ದೊಡ್ಡ ಹೈವೇ ದಾಟಿ ಬಂದಿತ್ತು. ಸುತ್ತಲೂ ರಸ್ತೆ, ಜೊತೆಗೊಂದು ಹೆಣ್ಣೂ ಸಿಗದೆ ವರ್ಷಗಟ್ಟಲೆ ಒಂಟಿಯಾಗಿ ಇಲ್ಲೇ ಇತ್ತು. 2022ರ ಡಿಸೆಂಬರ್‌ನಲ್ಲಿ, ಗಾಯ ಮತ್ತು ಕಾಯಿಲೆಯಿಂದ ನರಳುತ್ತಿದ್ದ ಅದಕ್ಕೆ ದಯಾಮರಣ ಕೊಡಬೇಕಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಪಾರ್ಕಿನಿಂದ ದೂರ ಪಶ್ಚಿಮಕ್ಕೆ, 101ನೇ ಹೈವೇ ಮೇಲೆ ಕಾಡುಪ್ರಾಣಿಗಳು ದಾಟುವ ಸೇತುವೆಯ ಕೆಲಸ ಶುರುವಾಗಿತ್ತು. ಪಾರ್ಕಿಗೇ ಅಂಟಿಕೊಂಡ ಹೈವೇಗಳ ಮೇಲೂ ಅಂಥ ದಾರಿ ಬೇಕು. 1950ರ ದಶಕದಲ್ಲಿ ಕೋರ್ಟಿನಲ್ಲಿ ಸೋತ ಜಗಳದ ಬಾಕಿ ಅದು.