ಗುರುಗುಟ್ಟುವ ಬೆಕ್ಕಿಗೆ ಕಾಯಿಲೆ ಇರುವುದಿಲ್ಲವೇ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಬೆಕ್ಕುಗಳು ಒಲೆಯ ಬುಡ ಬಿಟ್ಟು ಕದಲುವುದಿಲ್ಲ. ತೋಟದ ಬಂಗಲೆಯಾಗಲಿ, ಲೈನ್ ಮನೆಯಾಗಲಿ, ಬೆಚ್ಚಗಿನ ಮೂಲೆ ಕಂಡಲ್ಲಿ ಮುದುಡಿ ಮಲಗಿ ಗುರುಗುಟ್ಟುತ್ತಿರುತ್ತವೆ. ಆ ಸದ್ದನ್ನು ಕೇಳಿದ ಹಿರಿಯರು ಬೆಕ್ಕಿಗೆ ಉಬ್ಬಸವಿದೆ, ಮಕ್ಕಳ ಹತ್ತಿರ ಬಿಡಬೇಡಿ ಎಂದು ಗದರುತ್ತಿದ್ದರು. ಈಗ ಮೊಬೈಲ್‌ನಲ್ಲಿ ಹರಿದಾಡುವ ಮಾತು ಇದಕ್ಕೆ ತದ್ವಿರುದ್ಧ: ಬೆಕ್ಕು ಗುರುಗುಟ್ಟುತ್ತಲೇ ತನ್ನ ಮುರಿದ ಮೂಳೆಯನ್ನು ತಾನೇ ಕೂಡಿಸಿಕೊಳ್ಳುತ್ತದೆಯಂತೆ, ಪಕ್ಕದಲ್ಲಿ ಮಲಗಿಸಿಕೊಂಡರೆ ನಮ್ಮ ನೋವೂ ವಾಸಿಯಾಗುತ್ತದೆಯಂತೆ. ಈ ಎರಡನೆಯ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಮೇವು ಬಿಟ್ಟು ಕುಳಿತ ಹಸುವನ್ನು ಕಂಡರೆ ಆ ಹೊತ್ತಿಗೇ ಡಾಕ್ಟರನ್ನು ಕರೆಸುವವರೂ ಅನ್ನ ಬಿಟ್ಟ ಬೆಕ್ಕನ್ನು ನೋಡಿ, 'ಗುರುಗುಟ್ಟುತ್ತಿದೆಯಲ್ಲ, ತಾನೇ ಸರಿಹೋಗುತ್ತದೆ' ಎಂದು ಸುಮ್ಮನಾಗುತ್ತಾರೆ.

ಉಬ್ಬಸದ ಮಾತನ್ನು ಬೇಗ ಮುಗಿಸಬಹುದು. ಆ ಸದ್ದು ಶ್ವಾಸಕೋಶದ ರೋಗವಲ್ಲ. ಬೆಕ್ಕಿನಿಂದ ಕೆಲವರಿಗೆ ಅಲರ್ಜಿಯಾಗುವುದು ಮಾತ್ರ ನಿಜ. ಅದಕ್ಕೆ ಮುಖ್ಯ ಕಾರಣ ಬೆಕ್ಕಿನ ಜೊಲ್ಲಿನಲ್ಲೂ ಚರ್ಮದ ಗ್ರಂಥಿಗಳಲ್ಲೂ ಇರುವ ಒಂದು ಪ್ರೋಟೀನು. ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಗಾಳಿಗೆ ಸೇರುತ್ತದೆ. ಗುರುಗುಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸದ್ದು ಹುಟ್ಟುವುದು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. 1834ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವನ್ ಸಿಂಹದ ಗಂಟಲನ್ನು ಸೀಳಿ ನೋಡಿ, ನಾಲಿಗೆಯ ಬುಡದ ಮೂಳೆಯ ಒಂದು ಭಾಗ ಅಲ್ಲಿ ಹಿಗ್ಗುವ ಪಟ್ಟಿಯಂತಿದೆ ಎಂದು ಬರೆದ. 1916ರಲ್ಲಿ ಪೊಕಾಕ್ ಎಂಬ ಪ್ರಾಣಿಶಾಸ್ತ್ರಜ್ಞ ಈ ಮೂಳೆಯನ್ನೇ ಆಧಾರವಾಗಿಟ್ಟುಕೊಂಡು ಬೆಕ್ಕಿನ ಕುಲವನ್ನು ವಿಂಗಡಿಸಿದ. ಗರ್ಜಿಸುವವು ಒಂದು ಕಡೆ, ಗುರುಗುಟ್ಟುವವು ಇನ್ನೊಂದು ಕಡೆ. ಆ ಲೆಕ್ಕದಲ್ಲಿ ನಾಗರಹೊಳೆಯ ಹುಲಿ, ಚಿರತೆಗಳು ಮೊದಲ ಗುಂಪಿಗೆ ಸೇರಿದರೆ, ಕಾಡುಬೆಕ್ಕು ನಮ್ಮ ಮನೆಯ ಬೆಕ್ಕಿನ ಗುಂಪಿಗೆ ಸೇರುತ್ತದೆ. ಮೂಳೆಯೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ ಎಂದು ಮುಂದೆ ಗೊತ್ತಾಯಿತು. (ತೋಟದಲ್ಲಿ ಕಾಫಿ ಹಣ್ಣು ತಿನ್ನುವ ಪುನುಗುಬೆಕ್ಕಿಗೆ ಬೆಕ್ಕೆಂಬ ಹೆಸರಿದ್ದರೂ ಅದು ಬೇರೆಯೇ ಕುಲದ ಪ್ರಾಣಿ.)

ಎದೆಯ ದೊಡ್ಡ ರಕ್ತನಾಳದಲ್ಲಿ ರಕ್ತ ಸುಳಿ ಸುತ್ತುವುದರಿಂದ ಸದ್ದು ಬರುತ್ತದೆ ಎಂಬ ವಾದವೂ ಕೆಲಕಾಲ ನಡೆಯಿತು. ಅದನ್ನು ಬದಿಗೆ ಸರಿಸಿದ್ದು 1972ರಲ್ಲಿ ರೆಮ್ಮರ್ಸ್ ಮತ್ತು ಗೋಟಿಯೆ ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ. ಗುರುಗುಟ್ಟುವ ಬೆಕ್ಕಿನ ಧ್ವನಿಪೆಟ್ಟಿಗೆಯ ಸ್ನಾಯುಗಳು ಸೆಕೆಂಡಿಗೆ ಇಪ್ಪತ್ತೈದರ ಆಸುಪಾಸಿನಲ್ಲಿ ಬಿಗಿದು ಸಡಿಲಾಗುವುದನ್ನು ಅವರು ದಾಖಲಿಸಿದರು. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಈ ಮಿಡಿತ ನಡೆಯುವುದರಿಂದಲೇ ಸದ್ದು ಎಡೆಬಿಡದೆ ಕೇಳುತ್ತದೆ. ಮೆದುಳು ಪ್ರತಿ ಮಿಡಿತಕ್ಕೂ ಆಜ್ಞೆ ಕಳುಹಿಸುತ್ತದೆ ಎಂದೇ ಐವತ್ತು ವರ್ಷ ಪಾಠ ನಡೆಯಿತು. 2023ರಲ್ಲಿ ವಿಯೆನ್ನಾದ ಕ್ರಿಸ್ಟಿಯನ್ ಹರ್ಬ್ಸ್ಟ್ ಮತ್ತು ಸಂಗಡಿಗರು, ವಾಸಿಯಾಗದ ಕಾಯಿಲೆಯಿಂದಾಗಿ ದಯಾಮರಣ ಕೊಡಲಾದ 8 ಬೆಕ್ಕುಗಳ ಧ್ವನಿಪೆಟ್ಟಿಗೆಗಳನ್ನು ಹೊರತೆಗೆದು, ಅವುಗಳ ಮೂಲಕ ಬೆಚ್ಚನೆಯ ತೇವದ ಗಾಳಿ ಹಾಯಿಸಿದರು. ಮೆದುಳಿಲ್ಲ, ನರವಿಲ್ಲ, ಸ್ನಾಯು ಅಲುಗುವುದಿಲ್ಲ. ಆದರೂ ಎಂಟಕ್ಕೆ ಎಂಟೂ 25ರಿಂದ 30 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುತ್ತ, ಗುರುಗುಟ್ಟಿದವು! ಧ್ವನಿತಂತುಗಳೊಳಗೆ ಹುದುಗಿರುವ ನಾರಿನ ಮೆತ್ತೆಗಳು ಅವುಗಳ ತೂಕ ಹೆಚ್ಚಿಸಿ, ದಪ್ಪ ತಂತಿ ತಗ್ಗಿನ ಸ್ವರ ಹೊರಡಿಸುವಂತೆ ಅಷ್ಟು ಕೆಳದನಿ ಹೊರಡಿಸುತ್ತವೆ ಎಂಬುದು ಅವರ ವಿವರಣೆ. ಬದುಕಿರುವ ಬೆಕ್ಕಿನಲ್ಲಿ ಸ್ನಾಯುಗಳ ಪಾತ್ರವೇ ಇಲ್ಲವೆಂದು ಇದರಿಂದ ಹೇಳಲಾಗದು.

ಇನ್ನು ಆರೋಗ್ಯದ ಮಾತು. ಇದರ ಬೇರು ಇರುವುದು 2001ರಲ್ಲಿ. ಆ ವರ್ಷ ಅಮೆರಿಕದ ಎಲಿಜಬೆತ್ ಫಾನ್ ಮುಗ್ಗೆಂತಾಲರ್ ಎಂಬವರು ಮನೆಬೆಕ್ಕು, ಚೀತಾ, ಪೂಮಾ ಮುಂತಾದವುಗಳ ಸದ್ದನ್ನು ಮುದ್ರಿಸಿ, ಅದು 25ರಿಂದ 150 ಹರ್ಟ್ಸ್ ನಡುವೆ ಬಲವಾಗಿದೆ, ಮೂಳೆ ಬೆಳೆಯಲು ನೆರವಾಗುವ ಕಂಪನಗಳೂ ಇದೇ ವ್ಯಾಪ್ತಿಯವು ಎಂದು ವಿಜ್ಞಾನಿಗಳ ಸಭೆಯೊಂದರಲ್ಲಿ ಮಂಡಿಸಿದರು. ಅದೇ ವರ್ಷ ಕ್ಲಿಂಟನ್ ರೂಬಿನ್ ತಂಡದ ಕುರಿಗಳ ಪ್ರಯೋಗವೂ ಪ್ರಕಟವಾಗಿತ್ತು. ದಿನಕ್ಕೆ 20 ನಿಮಿಷ, 30 ಹರ್ಟ್ಸ್‌ನಲ್ಲಿ ಕಂಪಿಸುವ ಹಲಗೆಯ ಮೇಲೆ ಒಂದು ವರ್ಷ ನಿಂತ ಕುರಿಗಳ ತೊಡೆಮೂಳೆಯ ಒಳಭಾಗದ ಸಾಂದ್ರತೆ ಇತರ ಕುರಿಗಳಿಗಿಂತ ಶೇ 34ರಷ್ಟು ಹೆಚ್ಚಿತ್ತು. ಎರಡೂ ಸುದ್ದಿಗಳನ್ನು ಜನ ಒಂದಕ್ಕೊಂದು ಗಂಟು ಹಾಕಿದರು. ಗಂಟು ಸಡಿಲವಾಗಿರುವುದು ಇಲ್ಲಿಯೇ. ಕುರಿಯನ್ನು ಅಲುಗಿಸಿದ್ದು ಯಂತ್ರ. ಬೆಕ್ಕಿನ ಗಂಟಲಿನ ಕಂಪನ ಅದರ ಹಿಂಗಾಲಿನ ಮೂಳೆಯನ್ನು ಗುಣಪಡಿಸಿತೆಂದು ಆ ಎರಡರಲ್ಲಿ ಯಾವುದೂ ತೋರಿಸಿಲ್ಲ. ಊಹೆ ಚೆಂದವಾಗಿದೆ, ಮುಂದೆ ನಿಜವೂ ಆಗಬಹುದು. ಅದನ್ನೇ ನಂಬಿ ಚಿಕಿತ್ಸೆ ಮುಂದೂಡುವುದು ತಪ್ಪು.

ಹಾಗಾದರೆ ಬೆಕ್ಕು ಗುರುಗುಟ್ಟುವುದು ಏಕೆ? ಕಣ್ಣು, ಕಿವಿ ತೆರೆಯುವ ಮೊದಲೇ ಮರಿಗಳು ಹಾಲು ಕುಡಿಯುತ್ತ ಗುರುಗುಟ್ಟುತ್ತವೆ. ತಾಯಿ ಅದನ್ನು ಮೈಯಿಂದಲೇ ತಿಳಿಯುತ್ತದೆ. ದೊಡ್ಡದಾದ ಮೇಲೆ ನೆಮ್ಮದಿಗೆ ಮಾತ್ರವಲ್ಲ, ಬೇಡುವುದಕ್ಕೂ ಅದೇ ಸದ್ದು. 2009ರಲ್ಲಿ ಕ್ಯಾರೆನ್ ಮೆಕಾಂಬ್ ಮತ್ತು ತಂಡದವರು, ಹಸಿದ ಬೆಕ್ಕಿನ ಗುರುಗುಟ್ಟುವಿಕೆಯೊಳಗೆ ಅಳುವಿನಂಥ ಮೇಲುದನಿ ಅಡಗಿರುತ್ತದೆ, ಬೆಕ್ಕು ಸಾಕದವರಿಗೂ ಅದು ಒತ್ತಾಯದಂತೆ ಕೇಳಿಸುತ್ತದೆ ಎಂದು ತೋರಿಸಿದರು. ಹೆರುವಾಗ, ಗಾಯವಾದಾಗ, ಸಾಯುವ ಹೊತ್ತಿನಲ್ಲಿಯೂ ಬೆಕ್ಕುಗಳು ಗುರುಗುಟ್ಟುವುದನ್ನು ಪಶುವೈದ್ಯರು ಕಾಣುತ್ತಲೇ ಇರುತ್ತಾರೆ.

ಪರೀಕ್ಷೆಯ ಮೇಜಿನ ಮೇಲೂ ಈ ಸದ್ದು ನಿಲ್ಲದಿದ್ದರೆ ಸ್ಟೆತಸ್ಕೋಪ್‌ನಲ್ಲಿ ಎದೆಬಡಿತ ಕೇಳಿಸುವುದಿಲ್ಲ. ಆಗ ಕೆಲವು ವೈದ್ಯರು ಪಕ್ಕದ ನಲ್ಲಿಯನ್ನು ತಿರುಗಿಸುತ್ತಾರೆ. ನೀರು ಬೀಳುವ ಸದ್ದಿಗೆ ಹಲವು ಬೆಕ್ಕುಗಳು ಗುರುಗುಟ್ಟುವುದನ್ನು ನಿಲ್ಲಿಸಿ ಆ ಕಡೆ ಕಿವಿ ತಿರುಗಿಸುತ್ತವೆ. ಆ ಬಿಡುವಿನಲ್ಲಿಯೇ ಹೃದಯವನ್ನು ಆಲಿಸಬೇಕು.

ಮನೆಯಲ್ಲಿ ನೋಡಬೇಕಾದದ್ದು ಬೇರೆ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟರೆ, ಅಟ್ಟದ ಮೂಲೆಯಲ್ಲಿ ಅಡಗಿದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಗಂಡುಬೆಕ್ಕು ಪದೇ ಪದೇ ಕುಳಿತು ತಿಣುಕಿದರೂ ಮೂತ್ರ ಬರುತ್ತಿಲ್ಲವೆಂದಾದರೆ, ಯಾವ ಬೆಕ್ಕಾದರೂ ಬಾಯಿ ತೆರೆದು ಉಸಿರಾಡಿದರೆ, ಬೆಳಗಿನವರೆಗೆ ಕಾಯಬೇಡಿ. ಜ್ವರವಿರಬೇಕೆಂದು ಪ್ಯಾರಸಿಟಮಾಲ್ ಚೂರು ಕೊಡಲೇಬೇಡಿ, ಅದು ಬೆಕ್ಕಿಗೆ ವಿಷ. ಮರ ಬಿದ್ದು ದಾರಿ ಮುಚ್ಚಿದ ದಿನ ಫೋನಿನಲ್ಲಿ ಡಾಕ್ಟರನ್ನು ಕೇಳುವುದಾದರೆ, ಬೆಕ್ಕು ಗುರುಗುಟ್ಟದೆ ಗಾಢ ನಿದ್ರೆಯಲ್ಲಿರುವಾಗ ಒಂದು ನಿಮಿಷಕ್ಕೆ ಪಕ್ಕೆ ಎಷ್ಟು ಸಲ ಏರಿಳಿಯಿತೆಂದು ಎಣಿಸಿಟ್ಟುಕೊಳ್ಳಿ. 30ರೊಳಗೆ ಇದ್ದರೆ ಸರಿ. ಮತ್ತೆ ಮತ್ತೆ ಎಣಿಸಿದರೂ ಅದನ್ನು ಮೀರುತ್ತಿದ್ದರೆ, ಮೊದಲು ಹೇಳಬೇಕಾದದ್ದು ಆ ಅಂಕಿಯನ್ನೇ.