ಮಲಗುವ ಕೋಣೆಯ ನಡುವಿನ ತೊಲೆಯನ್ನು ಏಕೆ ಕತ್ತರಿಸಲಿಲ್ಲ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಜೊತೆ, ಹಳೆಯ ಬಾರ್ನ್ ಒಂದನ್ನು ನಾಲ್ಕು ಕಾಟೇಜುಗಳಾಗಿ ಮಾಡಿದ್ದ ಜಾಗದಲ್ಲಿ ಎರಡು ರಾತ್ರಿ ಉಳಿದಿದ್ದೆವು. ಮಹಡಿಯ ಕೋಣೆಯಲ್ಲಿ ಎದೆಯೆತ್ತರಕ್ಕೆ ದಪ್ಪ ತೊಲೆಯೊಂದು ಅಡ್ಡ ಹಾದುಹೋಗಿತ್ತು, ಮೂಲೆಯಲ್ಲಿ ಓರೆಯಾದ ಇನ್ನೊಂದು ಮರ. ಮಂಚಕ್ಕೆ ಹೋಗಬೇಕಾದರೆ ಬಗ್ಗಬೇಕು. ಅಷ್ಟು ಖರ್ಚು ಮಾಡಿದವರು ಅದನ್ನು ಕತ್ತರಿಸಬಾರದಿತ್ತೇ?

ಉತ್ತರ: ಕತ್ತರಿಸಿದ್ದರೆ ನೀವಿದ್ದ ಮನೆಯದಷ್ಟೇ ಅಲ್ಲ, ಪಕ್ಕದ ಮನೆಯ ಮಾಡೂ ಜರುಗಲು ಶುರುವಾಗುತ್ತಿತ್ತು.

ಬಾರ್ನ್ ಎಂದರೆ ಕಣವೂ ಕಣಜವೂ ಒಂದೇ ಮಾಡಿನಡಿ ಸೇರಿದ ಕಟ್ಟಡ. ಮಳೆಯ ದೇಶವಾದ್ದರಿಂದ ಬಡಿಯುವುದು, ತೂರುವುದು ಒಳಗೇ ನಡೆಯುತ್ತಿತ್ತು. ಎದುರುಬದುರು ಎರಡು ದೊಡ್ಡ ಬಾಗಿಲು, ನಡುವೆ ಕಣ. ಬಾಗಿಲು ತೆರೆದರೆ ಬೀಸುವ ಗಾಳಿಯೇ ಹೊಟ್ಟು ಹಾರಿಸುತ್ತಿತ್ತು. ಕಣದ ಎರಡೂ ಬದಿಯಲ್ಲಿ ಮಾಡಿನವರೆಗೆ ತೆನೆಯ ರಾಶಿ.

ನಮ್ಮ ಹಳೆಯ ಮನೆಗಳ ಹಾಗೆ ಇವನ್ನೂ ಅಂಕಣದ, ಅಂದರೆ ಎರಡು ಕಂಬಸಾಲುಗಳ ನಡುವಿನ ಜಾಗದ, ಲೆಕ್ಕದಲ್ಲೇ ಅಳೆಯುತ್ತಾರೆ. ಹೀತ್ರೂ ವಿಮಾನನಿಲ್ದಾಣದ ಪಕ್ಕದಲ್ಲಿರುವ ಹಾರ್ಮಂಡ್ಸ್‌ವರ್ತ್‌ನ ಮಹಾ ಬಾರ್ನ್ 12 ಅಂಕಣದ್ದು, ಸುಮಾರು 58 ಮೀಟರ್ ಉದ್ದ. ವಿಂಚೆಸ್ಟರ್ ಕಾಲೇಜು 1420ರ ದಶಕದಲ್ಲಿ ಕಟ್ಟಿಸಿದ ಅದನ್ನು ಯಾರೂ ಮನೆಗಳಾಗಿ ಒಡೆದಿಲ್ಲ. ಹಾಗಾಗಿ ಅಸ್ಥಿಪಂಜರ ಹೇಗಿರುತ್ತದೆಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಸಾಧ್ಯವಾದರೆ ಹೋಗಿ, ಕುತ್ತಿಗೆ ನೋಯುವವರೆಗೆ ಮೇಲೆ ನೋಡಿ.

ಅಲ್ಲಿ ಭಾರ ಹೊರುವುದು ಮರ, ಗೋಡೆಗಳು ಬರೀ ಮರೆ. ಎರಡು ಅಂಕಣಗಳ ನಡುವೆ ಎದುರುಬದುರು ಕಂಬಗಳು, ಅವುಗಳ ತಲೆಗಳನ್ನು ಹಿಡಿದಿಡುವ ಅಡ್ಡ ತೊಲೆ. ಮಾಡಿನ ಇಳಿಜಾರು ಸದಾ ಕಂಬಗಳನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಮಡಚುವ ಏಣಿಯ ಕಾಲುಗಳು ಜಾರದಂತೆ ನಡುವೆ ಹಗ್ಗ ಕಟ್ಟುತ್ತೇವಲ್ಲ, ನಿಮಗೆ ಅಡ್ಡ ಬಂದ ತೊಲೆ ಆ ಹಗ್ಗದ ಕೆಲಸ ಮಾಡುತ್ತಿದೆ. ಮೂಲೆಯ ಓರೆ ಮರ ಕಂಬಕ್ಕೂ ತೊಲೆಗೂ ನಡುವಿನ ಆಸರೆ, ಗಾಳಿಗೆ ಚೌಕಟ್ಟು ವಾಲದಂತೆ ತಡೆಯುತ್ತದೆ. ಚೌಕಟ್ಟಿನಿಂದ ಚೌಕಟ್ಟಿಗೆ ಉದ್ದದ ಮರಗಳು ಇಡೀ ಕಟ್ಟಡದ ತುಂಬ ಸಾಗುತ್ತವೆ. ಕಾಟೇಜು ನಾಲ್ಕಾದರೂ ಚೌಕಟ್ಟು ಒಂದೇ.

ಹಾಗಾದರೆ ಅದು ಎದೆಯೆತ್ತರಕ್ಕೆ ಏಕಿದೆ? ತೊಲೆ ಇಟ್ಟ ಬಡಗಿಗೆ ಮಹಡಿಯ ಯೋಚನೆಯೇ ಇರಲಿಲ್ಲ. ನೆಲದಿಂದ 12 ಅಡಿ ಮೇಲಿದ್ದ ತೊಲೆ ಯಾರಿಗೂ ತಾಗದು. ನೂರಾರು ವರ್ಷಗಳ ಮೇಲೆ ಯಾರೋ 8 ಅಡಿಗೆ ಮಹಡಿ ಹಾಕಿದರೆ ಅದು ಮಹಡಿಯಿಂದ 4 ಅಡಿಗೆ ಬರುತ್ತದೆ. ತಪ್ಪು ತೊಲೆಯದಲ್ಲ. ಒಳ್ಳೆಯ ವಾಸ್ತುಶಿಲ್ಪಿ ಮನೆಗಳ ನಡುವಿನ ಗೋಡೆಯನ್ನು ಈ ಚೌಕಟ್ಟಿನ ಸಾಲಿಗೇ ಕೂರಿಸುತ್ತಾನೆ, ಆಗ ತೊಲೆ ಗೋಡೆಯ ಭಾಗವಾಗಿಬಿಡುತ್ತದೆ. ಕಣವಿದ್ದ ಅಂಕಣವನ್ನು ಮಾಡಿನವರೆಗೆ ಖಾಲಿ ಬಿಟ್ಟು, ಗಾಡಿ ಬರುತ್ತಿದ್ದ ಬಾಗಿಲಿಗೆ ಗಾಜು ಹಾಕುತ್ತಾನೆ. ನಾಲ್ಕು ಮನೆಯ ಆಸೆಗೆ ಪ್ರತಿ ಅಂಕಣಕ್ಕೂ ಮಹಡಿ ಹಾಕಿದರೆ ಬಾರ್ನಿನ ಎತ್ತರವೇ ಸತ್ತುಹೋಗುತ್ತದೆ. ನನ್ನ ಮಾತು ಕೇಳಿದ್ದರೆ ಮೂರೇ ಮನೆ ಸಾಕೆನ್ನುತ್ತಿದ್ದೆ.

ಹೀಗೆ ಮಾರ್ಪಡಿಸುವುದು ಈಚಿನ ಶೋಕಿಯಲ್ಲ. ಬೈಬರಿ ಗ್ರಾಮದ ಆರ್ಲಿಂಗ್ಟನ್ ರೋ 1380ರ ಸುಮಾರಿಗೆ ಉಣ್ಣೆಯ ಉಗ್ರಾಣವಾಗಿ ಎದ್ದದ್ದು, 17ನೇ ಶತಮಾನದಲ್ಲಿ ನೇಕಾರರ ಸಾಲುಮನೆಯಾಯಿತು. ಅದರ ಗೋಡೆಗಳು ಕಲ್ಲಿನವು. ಈಗಂತೂ ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪ ಕೆಡುವಂತೆ ಅನುಮತಿಯಿಲ್ಲದೆ ಕೈಹಾಕಿದರೆ ಅಲ್ಲಿ ಅಪರಾಧ, 1990ರ ಕಾಯಿದೆಯ ಪ್ರಕಾರ.

ಮುಂದಿನ ಸಲ ಹೋದಾಗ ತೊಲೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮರ ಕೂಡುವ ಕಡೆ ರೋಮನ್ ಅಂಕಿಯಂಥ ಗೀರುಗಳು ಕಂಡಾವು. ಹಸಿ ಓಕ್ ಮರವನ್ನು ಬಯಲಲ್ಲಿ ಕೆತ್ತಿ, ಜೋಡಿಸಿ ನೋಡಿ, ಬಿಚ್ಚಿ ತಂದು ನಿಲ್ಲಿಸುವಾಗ ಯಾವುದು ಯಾವುದಕ್ಕೆ ಎಂದು ತಿಳಿಯಲು ಬಡಗಿ ಹಾಕಿದ ಗುರುತುಗಳು ಅವು. ಪಕ್ಕದಲ್ಲೇ ಮರದ ಗೂಟದ ದುಂಡು ತಲೆ ಇರುತ್ತದೆ. ಕಬ್ಬಿಣದ ಮೊಳೆಯಿಲ್ಲದೆ, ಆ ಗೂಟವೇ ಎರಡು ಮರಗಳನ್ನು ಬಿಗಿದು ಹಿಡಿದಿದೆ.