ಮೂರು ವರ್ಷದಲ್ಲಿ 72 ಹೋಗಿ 86: ಜೀವನಚರಿತ್ರೆ, ಆತ್ಮಕಥೆ ಮತ್ತು ನಮ್ಮ ಕರಾವಳಿ

2021ರ ನವೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ, ಗಿಡ ನೆಟ್ಟು ಹೆಸರಾದ ತುಳಸಿ ಗೌಡರು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ಆಗ ಬಂದ ಎಷ್ಟೋ ಸುದ್ದಿಗಳಲ್ಲಿ ಅವರ ವಯಸ್ಸು 72 ಎಂದಿತ್ತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಆಗಿನ ಸುದ್ದಿಗಳಲ್ಲಿ 86. ಮೂರು ವರ್ಷದಲ್ಲಿ ಅಜ್ಜಿಗೆ ಹದಿನಾಲ್ಕು ವರ್ಷ ಕೂಡಿಕೊಂಡಿತ್ತು. ನೆಟ್ಟ ಗಿಡಗಳ ಲೆಕ್ಕವೂ ಹೀಗೇ. ಒಂದು ಕಡೆ 30,000, ಇನ್ನೊಂದು ಕಡೆ ಒಂದು ಲಕ್ಷ.

ಬರೆದವರು ಬೇಕಂತಲೇ ಸುಳ್ಳು ಬರೆದರು ಅಂತ ನನಗೆ ಅನಿಸುವುದಿಲ್ಲ. ಹಾಲಕ್ಕಿ ಸಮುದಾಯದ ಕೇರಿಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ದಿನಗೂಲಿ ಮಾಡಿದ ಹೆಂಗಸು ಅವರು. ಅವರು ನೆಟ್ಟ ಗಿಡವನ್ನು ಅವರ ಹೆಸರಲ್ಲಿ ಎಣಿಸಿ ಇಟ್ಟವರು ಯಾರು? ಹುಟ್ಟಿದ ದಿನ ಬರೆದಿಟ್ಟವರು ಯಾರು? ಶಾಲೆಗೆ ಹೋದವರ ಕಥೆಯೂ ಅಷ್ಟರಲ್ಲೇ ಇದೆ ಬಿಡಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮಾಸ್ತರು ಅಂದಾಜಿಗೆ ಬರೆದುಕೊಂಡ ದಿನ ಅದು. ಕಾಗದದಲ್ಲಿದೆ, ಸೀಲ್ ಇದೆ, ಸಹಿ ಇದೆ. ಆದರೂ ನಿಜವಲ್ಲ.

ಜೀವನಚರಿತ್ರೆ ಮತ್ತು ಆತ್ಮಕಥೆಗೆ ಏನು ವ್ಯತ್ಯಾಸ ಅಂತ ಮಕ್ಕಳಿಗೆ ಹೇಳಿಕೊಡುವುದು ಸುಲಭ. ತನ್ನ ಬದುಕನ್ನು ತಾನೇ ಬರೆದರೆ ಆತ್ಮಕಥೆ, ಇನ್ನೊಬ್ಬರು ಬರೆದರೆ ಜೀವನಚರಿತ್ರೆ. ‘ನಾನು’ ಇದ್ದರೆ ಅದು, ‘ಅವರು’ ಇದ್ದರೆ ಇದು. ಹಾಗೆಯೇ, ದಾಖಲೆ ಹಿಡಿದು ಪರೀಕ್ಷಿಸಬಹುದಾದದ್ದು ಸಂಗತಿ, ಒಬ್ಬರಿಗೆ ಅನಿಸಿದ್ದು ಅಭಿಪ್ರಾಯ. ಪರೀಕ್ಷೆಗೆ ಇಷ್ಟು ಸಾಕು. ತೊಂದರೆ ಆಗುವುದು ಈ ಎರಡು ಪಾಠ ತಲೆಯಲ್ಲಿ ಕಲೆತುಹೋದಾಗ. ಜೀವನಚರಿತ್ರೆ ಅಂದರೆ ಬರೀ ಸಂಗತಿ, ಆತ್ಮಕಥೆ ಅಂದರೆ ಬರೀ ಅನಿಸಿಕೆ ಅಂತ ದೊಡ್ಡವರೂ ನಂಬಿಕೊಂಡಿರುತ್ತಾರೆ. ಎರಡರಲ್ಲೂ ಎರಡೂ ಇರುತ್ತವೆ. ಯಾವ ಮಾತಿಗೆ ಯಾರು ಸಾಕ್ಷಿ ಹೇಳಬಲ್ಲರು ಎಂಬುದಷ್ಟೇ ಬೇರೆ.

ತುಳಸಿ ಗೌಡರನ್ನೇ ನೋಡಿ. ‘ಅವರಿಗೆ 86 ವರ್ಷ’ ಎನ್ನುವುದು ಸಂಗತಿಯ ಜಾತಿಯ ಮಾತು. ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ‘ಅವರು ಕಾಡಿನ ವಿಶ್ವಕೋಶ’ ಎನ್ನುವುದು ಅಭಿಪ್ರಾಯ. ಆದರೆ ಅದರ ಹಿಂದೆ ಗಟ್ಟಿ ಆಧಾರ ಇದೆ. ಒಂದು ಜಾತಿಯ ಗಿಡಗಳಲ್ಲಿ ತಾಯಿಮರ ಯಾವುದು ಎಂದು ಗುರುತಿಸಿ, ಅದರ ಬೀಜ ಆರಿಸಿ ತಂದು ಸಸಿ ಮಾಡುವ ಕೈ ಅವರದ್ದು. ಇಲ್ಲಿ ಸಂಗತಿಗಿಂತ ಅಭಿಪ್ರಾಯವೇ ಜಾಸ್ತಿ ನಂಬಿಕೆಗೆ ಅರ್ಹ, ಅಲ್ವಾ?

ಈ ಗೊಂದಲ ಇವತ್ತಿನದಲ್ಲ. ಶಿರಸಿಯ ಪಕ್ಕದ ಬನವಾಸಿಯಿಂದ ಆಳಿದ ಕದಂಬರ ಮೂಲಪುರುಷ ಮಯೂರಶರ್ಮ. ಅವನ ಕಥೆ ನಮಗೆ ಸಿಗುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ. ಗುರುವಿನ ಜೊತೆ ಓದಲು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಯಿತು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಬರೆದವನು ಕುಬ್ಜ ಎಂಬ ಕವಿ, ಶಾಂತಿವರ್ಮನ ಕಾಲದಲ್ಲಿ, ಅಂದರೆ 5ನೇ ಶತಮಾನದಲ್ಲಿ. ಮಯೂರಶರ್ಮನ ಕಾಲಕ್ಕೂ ಅದಕ್ಕೂ ಸುಮಾರು ನೂರು ವರ್ಷದ ಅಂತರ. ಬರೆಸಿದ್ದು ಅದೇ ವಂಶದ ಅರಸ. ಹೊಗಳಲೆಂದೇ ಬರೆದ ಜೀವನಚರಿತ್ರೆ ಇದು. ಆದರೂ ಕುಬ್ಜ ಒಂದು ಮಿತಿಯಲ್ಲಿದ್ದ. ಮಯೂರ ಹದಿನೆಂಟು ಅಶ್ವಮೇಧ ಮಾಡಿದ ಎಂಬ ಮಾತು ಬರುವುದು ಎಷ್ಟೋ ಕಾಲದ ಮೇಲೆ ಬಂದ ಶಾಸನಗಳಲ್ಲಿ. ತಾಳಗುಂದದ ಕಂಬ ಒಂದು ಅಶ್ವಮೇಧದ ಸುದ್ದಿಯನ್ನೂ ಎತ್ತುವುದಿಲ್ಲ. ಮನುಷ್ಯ ದೂರ ಸರಿದಷ್ಟೂ ಅವನ ಸಾಧನೆ ಬೆಳೆಯುತ್ತದೆ. 30,000 ಗಿಡ ಒಂದು ಲಕ್ಷ ಆಗುವ ದಾರಿಯೂ ಇದೇ ಇರಬಹುದು.

ತನ್ನ ಕಥೆ ತಾನೇ ಹೇಳಿಕೊಳ್ಳುವುದು ನಮ್ಮಲ್ಲಿ ಬಹಳ ಅಪರೂಪ. ಬನಾರಸೀದಾಸ ಎಂಬ ಜೈನ ವ್ಯಾಪಾರಿ 1641ರಲ್ಲಿ ಬ್ರಜ ಭಾಷೆಯಲ್ಲಿ ಪದ್ಯವಾಗಿ ಬರೆದ ‘ಅರ್ಧಕಥಾನಕ’ವನ್ನು ಭಾರತದ ಮೊದಲ ಆತ್ಮಕಥೆ ಎನ್ನುತ್ತಾರೆ. ಮನುಷ್ಯನ ಪೂರ್ಣಾಯುಷ್ಯ 110, ತನಗೀಗ 55, ಹಾಗಾಗಿ ಇದು ಅರ್ಧ ಕಥೆ ಎಂಬುದು ಅವನ ಲೆಕ್ಕ. ಉಳಿದರ್ಧ ಬರೆಯುವುದಕ್ಕೆ ಆಯುಷ್ಯ ಸಿಗಲಿಲ್ಲ. ಅಲ್ಲಿಂದ ಸುಮಾರು ಮುನ್ನೂರು ವರ್ಷ ದಾಟಿದರೂ ಹಿಂಜರಿಕೆ ಹೋಗಿರಲಿಲ್ಲ. 1925ರಲ್ಲಿ ಗಾಂಧೀಜಿ ‘ನವಜೀವನ’ ಪತ್ರಿಕೆಯಲ್ಲಿ ತಮ್ಮ ಕಥೆ ಬರೆಯಲು ಹೊರಟಾಗ ಸ್ನೇಹಿತರೊಬ್ಬರು ತಡೆದರು. ಇದು ಪಶ್ಚಿಮದವರ ಅಭ್ಯಾಸ, ಇವತ್ತು ನಂಬಿದ್ದನ್ನು ನಾಳೆ ಬಿಟ್ಟರೆ ಓದಿದವರ ಗತಿ ಏನು ಎಂದರು. ಗಾಂಧೀಜಿ ಆ ಮಾತನ್ನು ಮುನ್ನುಡಿಯಲ್ಲೇ ಹಾಕಿ, ತಾನು ಬರೆಯುತ್ತಿರುವುದು ಪೂರಾ ಆತ್ಮಕಥೆಯಲ್ಲ, ಸತ್ಯದ ಪ್ರಯೋಗಗಳ ಕಥೆ ಎಂದರು. ಕನ್ನಡಕ್ಕೆ ಅದನ್ನು ತಂದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು.

ನಮ್ಮ ಜಿಲ್ಲೆಗೆ ಬಂದರೆ, ಈ ವಿಷಯ ಚೆನ್ನಾಗಿ ಬಿಚ್ಚಿಕೊಳ್ಳುವುದು ಕಾರವಾರದಲ್ಲಿ. ಠಾಗೋರ್ ಕಡಲತೀರಕ್ಕೆ ಬಂದ ನೆಂಟರಿಗೆ ನಾವು ಹೆಮ್ಮೆಯಿಂದ ಹೇಳುವ ಮಾತು ಎರಡು. ರವೀಂದ್ರನಾಥ ಠಾಗೋರರು ಮೊದಲ ನಾಟಕ ಬರೆದದ್ದು ಇಲ್ಲಿ. ಅವರು ಕಾರವಾರವನ್ನು ಕರ್ನಾಟಕದ ಕಾಶ್ಮೀರ ಎಂದು ಕರೆದರು.

ಅವರು ಬಂದದ್ದಂತೂ ನಿಜ. ಅಣ್ಣ ಸತ್ಯೇಂದ್ರನಾಥ ಠಾಗೋರರು ಐಸಿಎಸ್ ಪಾಸಾದ ಮೊದಲ ಭಾರತೀಯ. ಆಗ ಕಾರವಾರದಲ್ಲಿ ಜಡ್ಜ್ ಆಗಿದ್ದರು. 1883ರಲ್ಲಿ ರವೀಂದ್ರನಾಥರು ಆ ಅಣ್ಣನ ಮನೆಗೆ ಬಂದರು. 1912ರಲ್ಲಿ ಪುಸ್ತಕವಾಗಿ ಬಂದ ಅವರ ‘ಜೀವನಸ್ಮೃತಿ’ಯಲ್ಲಿ ಕಾರವಾರಕ್ಕೆಂದೇ ಒಂದು ಅಧ್ಯಾಯ ಇದೆ. ಅರ್ಧಚಂದ್ರದಂಥ ಕಡಲತೀರ, ಗಾಳಿ ಮರಗಳ ಸಾಲು, ಗುಡ್ಡಗಳ ನಡುವಿಂದ ಬಂದು ಸಮುದ್ರ ಸೇರುವ ಕಾಳಿ ನದಿ ಎಲ್ಲ ಅಲ್ಲಿವೆ. ಕಾಶ್ಮೀರದ ಮಾತು ಮಾತ್ರ ಇಲ್ಲ. ಇನ್ನು ಮೊದಲ ನಾಟಕ. ಇಲ್ಲಿ ಬರೆದದ್ದು ‘ಪ್ರಕೃತಿರ್ ಪ್ರತಿಶೋಧ್’, ಅಚ್ಚಾದದ್ದು 1884ರಲ್ಲಿ. ಆದರೆ ‘ವಾಲ್ಮೀಕಿ ಪ್ರತಿಭಾ’ 1881ರಲ್ಲೇ ಕೋಲ್ಕತ್ತದಲ್ಲಿ ರಂಗಕ್ಕೆ ಬಂದಾಗಿತ್ತು. ಅದು ಗೀತನಾಟಕ, ಲೆಕ್ಕಕ್ಕೆ ಬೇಡ ಎನ್ನುವವರು ಇದ್ದಾರೆ. ಹಾಗೆಂದರೆ ‘ಮೊದಲ’ ಎಂಬುದೇ ಒಂದು ಅಭಿಪ್ರಾಯ ಆಯಿತು.

ಆ ಅಧ್ಯಾಯದಲ್ಲಿ ಒಂದು ಬೆಳದಿಂಗಳ ರಾತ್ರಿ ಬರುತ್ತದೆ. ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗುತ್ತಾರೆ. ಶಿವಾಜಿಯ ಹಳೇ ಗುಡ್ಡದ ಕೋಟೆಯೊಂದರ ಬಳಿ ಇಳಿಯುತ್ತಾರೆ. ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ತಂದ ಬುತ್ತಿ ಉಣ್ಣುತ್ತಾರೆ. ಯಾವ ಕೋಟೆ? ಹೆಸರಿಲ್ಲ. ನಮಗೆ ತಟ್ಟನೆ ನೆನಪಾಗುವ ಸದಾಶಿವಗಡ ಇರುವುದು ನದಿ ಸಮುದ್ರ ಸೇರುವಲ್ಲಿ, ಮೇಲ್ಗಡೆ ಅಲ್ಲ. ಅದನ್ನು ಕಟ್ಟಿಸಿದ್ದೂ ಸೋದೆಯ ಅರಸರು. ಇಂಥಲ್ಲಿ ಜೀವನಚರಿತ್ರೆ ಬರೆಯುವವನು ನಿಂತು ನಕ್ಷೆ ಬಿಚ್ಚಬೇಕು. ಆತ್ಮಕಥೆ ಬರೆಯುವವನಿಗೆ ಆ ಹಂಗಿಲ್ಲ. ಅಂಗಳದ ಮೇಲೆ ಬಿದ್ದ ಬೆಳದಿಂಗಳು ಹೇಗಿತ್ತು ಎಂದು ಅವನೊಬ್ಬನೇ ಹೇಳಬಲ್ಲ. ಯಾವ ದಾಖಲೆಯಲ್ಲೂ ಅದು ಸಿಗುವುದಿಲ್ಲ.

ಠಾಗೋರರು ಇದನ್ನೆಲ್ಲ ಮೊದಲೇ ಒಪ್ಪಿಕೊಂಡಿದ್ದರು. ನೆನಪು ಎನ್ನುವುದು ಚಿತ್ರ ಬರೆಯುತ್ತದೆ, ನಡೆದದ್ದನ್ನು ಹಾಗೇ ನಕಲು ಮಾಡುವುದಿಲ್ಲ ಎಂಬ ಅರ್ಥದ ಮಾತಿನಿಂದಲೇ ಅವರ ಪುಸ್ತಕ ಶುರುವಾಗುತ್ತದೆ. ಬರೆದದ್ದು ಐವತ್ತರ ವಯಸ್ಸಿನಲ್ಲಿ. ಕಾರವಾರ ನೋಡಿದ್ದು ಇಪ್ಪತ್ತೆರಡರಲ್ಲಿ.

ಅದರ ಪರಿಣಾಮ ಒಂದು ಕಡೆ ಚೆನ್ನಾಗಿ ಕಾಣುತ್ತದೆ. ಕಾರವಾರದಿಂದ ವಾಪಸು ಹೋದ ಮೇಲೆ ಮದುವೆ ಆಯಿತು, ಆಗ ವಯಸ್ಸು ಇಪ್ಪತ್ತೆರಡು ಎನ್ನುತ್ತಾರೆ. ಮದುವೆಗೆ ಕೊಟ್ಟ ಜಾಗ ಅಷ್ಟೇ, ಹೆಂಡತಿಯ ಹೆಸರೂ ಇಲ್ಲ. ಆ ದಿನ 1883ರ ಡಿಸೆಂಬರ್ 9. ಮುಂದೆ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಸಾವಿನ ಪರಿಚಯವಾಯಿತು ಎಂದು ಬರೆಯುತ್ತಾರೆ. ಯಾರ ಸಾವು ಎಂದು ಹೆಸರು ಹೇಳುವುದಿಲ್ಲ. ಅದು ಅತ್ತಿಗೆ ಕಾದಂಬರಿ ದೇವಿಯ ಸಾವು, 1884ರ ಏಪ್ರಿಲ್‌ನಲ್ಲಿ. ಅಂದರೆ ಮದುವೆಯಾಗಿ ನಾಲ್ಕೇ ತಿಂಗಳು. 1861ರ ಮೇ 7ರಂದು ಹುಟ್ಟಿದವರಿಗೆ ಆಗ ಇಪ್ಪತ್ಮೂರೂ ತುಂಬಿರಲಿಲ್ಲ. ಲೆಕ್ಕ ತಪ್ಪಿದೆ. ಆದರೆ ತಪ್ಪಿದ ರೀತಿ ಗಮನಿಸಿ. ಐವತ್ತರಲ್ಲಿ ಕೂತು ಹಿಂದೆ ನೋಡಿದವರಿಗೆ ಆ ನಾಲ್ಕು ತಿಂಗಳು ಎರಡು ವರ್ಷದಷ್ಟು ದೂರ ಕಂಡಿರಬೇಕು. ಇದು ನನ್ನ ಊಹೆ. ಊಹೆ ಎಂದೇ ಓದಿ.

ಹೆಸರು, ದಿನ, ಖರ್ಚು ಎಲ್ಲ ಹುಡುಕುವ ಕೆಲಸ ಮಾಡಿದವರು ಜೀವನಚರಿತ್ರೆಕಾರರು. ಪ್ರಭಾತಕುಮಾರ ಮುಖೋಪಾಧ್ಯಾಯರು ನಾಲ್ಕು ಸಂಪುಟ ಬರೆದರು. ಆಮೇಲೆ ಪ್ರಶಾಂತಕುಮಾರ ಪಾಲ್ ಒಂಬತ್ತು ಸಂಪುಟ ಬರೆದರು, ಆದರೂ ಮುಗಿಯಲಿಲ್ಲ. ಪಾಲ್ ಅವರು ಕೋಲ್ಕತ್ತದಲ್ಲಿದ್ದ ಠಾಗೋರ್ ಕುಟುಂಬದ ಜೋಡಾಸಾಂಕೊ ಮನೆಯ ಜಮಾ-ಖರ್ಚಿನ ಪುಸ್ತಕಗಳನ್ನೇ ಮುಂದಿಟ್ಟುಕೊಂಡು ಕೂತರು. ಯಾರ ಪ್ರಯಾಣಕ್ಕೆ ಎಷ್ಟು ಹಣ ಯಾವತ್ತು ಹೋಯಿತು ಎಂಬುದು ಕವಿಗೆ ಮರೆತಿರಬಹುದು, ಲೆಕ್ಕ ಬರೆಯುವ ಗುಮಾಸ್ತನಿಗೆ ಮರೆಯುವಂತಿಲ್ಲ.

ಹಾಗಂತ ಆತ್ಮಕಥೆಕಾರ ಹೇಳಿದ್ದೆಲ್ಲ ಅಂತಿಮ ಎನ್ನುವಂತೆಯೂ ಇಲ್ಲ. ಕಾರವಾರದಲ್ಲಿ ಬರೆದ ಆ ನಾಟಕ ತನ್ನ ಮುಂದಿನ ಸಾಹಿತ್ಯಕ್ಕೆಲ್ಲ ಮುನ್ನುಡಿ ಇದ್ದಂತೆ ಎಂದು ಠಾಗೋರರು ಹೇಳಿದ್ದಾರೆ. ಬರೆದವರೇ ಹೇಳಿದ ಮೇಲೆ ಮುಗಿಯಿತು ಅಂತ ನಾವು ಅದನ್ನು ಸಂಗತಿಯ ಹಾಗೆ ಎತ್ತಿ ಆಡುತ್ತೇವೆ. ಅದೂ ಅಭಿಪ್ರಾಯವೇ. ವಿಮರ್ಶಕರು ಒಪ್ಪದೆ ಇರಬಹುದು. ಅವರು ಹಾಗೆ ಹೇಳಿದರು ಎಂಬುದು ಮಾತ್ರ ಸಂಗತಿ.

ಶಿರಸಿಗೆ ಬಂದರೆ ಇನ್ನೊಂದು ತೊಡಕು. ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಅಲ್ಲಿ, ತಂದೆ ಸರಕಾರಿ ಡಾಕ್ಟರು. ಅವರ ಆತ್ಮಕಥೆ ‘ಆಡಾಡತ ಆಯುಷ್ಯ’ 2011ರಲ್ಲಿ ಬಂತು. ತಾನು ಹೊಟ್ಟೆಯಲ್ಲಿದ್ದಾಗ ತಾಯಿ ಗರ್ಭ ತೆಗೆಸಲು ಪುಣೆಯ ದವಾಖಾನೆಗೆ ಹೋಗಿದ್ದರು, ಅವತ್ತು ಡಾಕ್ಟರು ಬರಲೇ ಇಲ್ಲ, ಹಾಗಾಗಿ ತಾನು ಉಳಿದೆ ಎಂಬ ಸಂಗತಿ ಕಾರ್ನಾಡರಿಗೆ ಗೊತ್ತಾದದ್ದು ದೊಡ್ಡವರಾದ ಎಷ್ಟೋ ವರ್ಷದ ಮೇಲೆ, ತಾಯಿಯ ಬಾಯಿಂದ. ಡಾ. ಮಧುಮಾಲತಿ ಗುಣೆ ಎಂಬ ಆ ವೈದ್ಯೆಗೇ ಪುಸ್ತಕ ಅರ್ಪಣೆ. ತನ್ನ ಬದುಕಿನ ಅತಿ ದೊಡ್ಡ ಘಟನೆಗೆ ತಾನೇ ಸಾಕ್ಷಿಯಲ್ಲ. ಅಲ್ಲಿ ಆತ್ಮಕಥೆ ಬರೆಯುವವನೂ ಬೇರೆಯವರನ್ನು ಕೇಳಿ ಬರೆಯುವ ಜೀವನಚರಿತ್ರೆಕಾರನೇ ಆಗುತ್ತಾನೆ. ‘ನಾನು’ ಎಂಬ ಗುರುತು ಇಲ್ಲಿ ಅರ್ಧ ಕೆಲಸವಷ್ಟೇ ಮಾಡುತ್ತದೆ.

ಊರಿನ ವಿಷಯದಲ್ಲೂ ಇದೇ ಜಗ್ಗಾಟ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಇದು ಸಂಗತಿ. ಅಂಕೋಲೆ ‘ಕರ್ನಾಟಕದ ಬಾರ್ಡೋಲಿ’ ಎನ್ನುವುದು ಗುಜರಾತಿನ 1928ರ ಸತ್ಯಾಗ್ರಹದ ಪಕ್ಕದಲ್ಲಿಟ್ಟು ಕೊಟ್ಟ ಪ್ರಶಂಸೆ. ಕರನಿರಾಕರಣೆಯಲ್ಲಿ ಜಮೀನು ಕಳಕೊಂಡ ಮನೆತನಗಳನ್ನು ನೋಡಿದರೆ ಅದು ಸಲ್ಲುವ ಮಾತೇ. ಆದರೆ ಭಾಷಣದಲ್ಲಿ ಬಿರುದು ಮಾತ್ರ ಉಳಿದು, ಯಾರ ಜಮೀನು, ಯಾವಾಗ ಹರಾಜಾಯಿತು ಎಂಬುದು ಸುಮ್ನೆ ಮಸುಕಾಗುತ್ತಿದೆ.

ಕರಾವಳಿಯಲ್ಲಿ ಈಗ ಜಾಸ್ತಿ ಬರುತ್ತಿರುವುದು ಮೂರನೇ ಬಗೆಯ ಪುಸ್ತಕ. ಯಕ್ಷಗಾನದ ಕಲಾವಿದರು, ಹೋರಾಟಗಾರರು, ಹಾಡುವ ಅಜ್ಜಿಯರು ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಒಳಗೆಲ್ಲ ‘ನಾನು’, ಮುಖಪುಟದಲ್ಲಿ ‘ನಿರೂಪಣೆ’ ಎಂದು ಬೇರೆ ಹೆಸರು. ಅಂಥ ಪುಸ್ತಕದಲ್ಲಿ ನಾನು ಮೊದಲು ತೆಗೆಯುವುದು ನಿರೂಪಕರ ಮಾತಿನ ಪುಟ. ಧ್ವನಿಮುದ್ರಣ ಮಾಡಿಕೊಂಡರೋ, ಕೇಳಿ ಆಮೇಲೆ ನೆನಪಿನಿಂದ ಬರೆದರೋ? ಇಸವಿಗಳು ಕಲಾವಿದರು ಹೇಳಿದ್ದೋ, ಮೇಳದ ಹಳೇ ಕರಪತ್ರ ನೋಡಿ ಇವರು ಸೇರಿಸಿದ್ದೋ? ಊರ ಮಾತನ್ನು ಹಾಗೇ ಬಿಟ್ಟರೋ, ಪುಸ್ತಕದ ಕನ್ನಡಕ್ಕೆ ತಿದ್ದಿದರೋ? ಇಷ್ಟನ್ನು ಒಂದೇ ಪುಟದಲ್ಲಿ ಬರೆದಿಟ್ಟ ನಿರೂಪಕರನ್ನು ಕಂಡರೆ ನನಗೆ ಪುಸ್ತಕದ ಮೇಲೆ ಭರವಸೆ ಬರುತ್ತದೆ. ಹೆಚ್ಚಿನವರು ಆ ಪುಟದಲ್ಲಿ ಧನ್ಯವಾದ ಹೇಳಿ ಮುಗಿಸುತ್ತಾರೆ.